ಕರುಳಿನ ಪಾಲಿಪ್ ಬಯಾಪ್ಸಿ ರಿಪೋರ್ಟ್ ಬಂದಿದೆಯಾ? ಆಪರೇಷನ್‌ಗೆ ಹೂಂ ಅನ್ನುವ ಮೊದಲು ಇದನ್ನು ಓದಿ

ಹೋದ ವರ್ಷ ಮಳೆಗಾಲದಲ್ಲಿ ಒಂದು ರಾತ್ರಿ ಹಾಸನದ ಕಡೆಯಿಂದ ನಮ್ಮ ಚಿಕ್ಕಪ್ಪ ಫೋನ್ ಮಾಡಿದರು. ವಾಟ್ಸಾಪಿಗೆ ಆಗಲೇ ಒಂದು ಫೋಟೋ ಬಂದಿತ್ತು. ರಿಪೋರ್ಟು ಅಡ್ಡಡ್ಡ ಇತ್ತು, ಮೂಲೆಯಲ್ಲಿ ಅವರ ಹೆಬ್ಬೆರಳು. "ಏನಮ್ಮಾ, ಇದರಲ್ಲಿ ಕ್ಯಾನ್ಸರ್ ಅಂತ ಬರೆದಿದಾರಾ, ಇಲ್ವಾ? ಅಷ್ಟು ಹೇಳಿಬಿಡು" ಅಂದರು. ದೊಡ್ಡದು ಮಾಡಿ ಓದಿದೆ. ಸಿಗ್ಮಾಯ್ಡ್ ಕೊಲೊನ್ (ದೊಡ್ಡ ಕರುಳಿನ ಕೊನೆಯ ಕಡೆಯ ಭಾಗ), ತೊಟ್ಟಿರುವ ಪಾಲಿಪ್ (ಕರುಳಿನ ಒಳಗೋಡೆಯಲ್ಲಿ ಬೆಳೆಯುವ ಗುಳ್ಳೆ), 18 ಮಿಲಿಮೀಟರ್. ಕೊನೆಯ ಸಾಲಿನಲ್ಲಿ ಅಡಿನೋಮ (ಈಗ ಕ್ಯಾನ್ಸರ್ ಅಲ್ಲ, ಮುಂದೆ ಆಗಬಹುದಾದ ಬೆಳವಣಿಗೆ) ಅಂತ ಬರೆದು, ತೊಟ್ಟಿನೊಳಗೆ ಇನ್ವೇಷನ್, ಅಂದರೆ ನುಗ್ಗುವಿಕೆ, ಇರುವ ಸಂಶಯವಿದೆ, ಅಡಿನೋಕಾರ್ಸಿನೋಮ (ಗ್ರಂಥಿಯ ಕ್ಯಾನ್ಸರ್) ಅಲ್ಲ ಅಂತ ಹೇಳಲಾಗದು ಅಂತ ಸೇರಿಸಿದ್ದರು. ಮುಂದಿನ ಬುಧವಾರವೇ ಕರುಳಿನ ಆ ಭಾಗ ತೆಗೆದುಬಿಡೋಣ ಅಂತ ಸರ್ಜನ್ ಹೇಳಿಯಾಗಿತ್ತು.

ನಾನು ಕೇಳಿದ್ದು ಒಂದೇ ಮಾತು: "ಈ ಸ್ಲೈಡನ್ನ ಇನ್ನೊಬ್ಬ ಪೆಥಾಲಜಿಸ್ಟ್ ನೋಡಿದಾರಾ ಚಿಕ್ಕಪ್ಪ?" ಹಾಗೆ ತೋರಿಸಬಹುದು ಅನ್ನುವುದೇ ಅವರಿಗೆ ಗೊತ್ತಿರಲಿಲ್ಲ. ಗೊತ್ತಿರುವವರು ಬಹಳ ಕಡಿಮೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಹಿಸ್ಟೋಪೆಥಾಲಜಿ ಲ್ಯಾಬಿನಲ್ಲಿ, ಅಂದರೆ ಬಯಾಪ್ಸಿ ಚೂರು ಪರೀಕ್ಷೆ ಮಾಡುವ ಜಾಗದಲ್ಲಿ, ಟೆಕ್ನಿಷಿಯನ್. 14 ವರ್ಷ ಆಯಿತು. ರೋಗ ಯಾವುದು ಅಂತ ಹೇಳುವುದು ಪೆಥಾಲಜಿಸ್ಟ್ ಡಾಕ್ಟರ ಕೆಲಸ, ಅವರು ನೋಡುವ ಸ್ಲೈಡು ತಯಾರು ಮಾಡುವುದು ನನ್ನ ಕೆಲಸ. ಹಾಗಾಗಿ ಇಲ್ಲಿ ಬರೆದಿದ್ದನ್ನು ಓದಿ ನಿಮ್ಮ ರಿಪೋರ್ಟಿಗೆ ನೀವೇ ತೀರ್ಪು ಕೊಡಬೇಡಿ. ಯಾವ ಸಾಲಿಗೆ ಪ್ರಶ್ನೆ ಕೇಳಬೇಕು, ಯಾವ ಸಾಲನ್ನು ನಂಬಿ ಮುಂದೆ ಹೋಗಬಹುದು, ಸ್ಲೈಡನ್ನು ಮತ್ತೆ ತೋರಿಸಬೇಕಾದರೆ ಏನೇನು ಮಾಡಬೇಕು, ಅಷ್ಟು ಹೇಳುತ್ತೇನೆ.

ಮೊದಲು ಸ್ಲೈಡ್ ಅಂದರೇನು ತಿಳಿದುಕೊಳ್ಳಿ

ಬಯಾಪ್ಸಿ ರಿಪೋರ್ಟು ಶುಗರ್ ಟೆಸ್ಟಿನ ಹಾಗಲ್ಲ. ಶುಗರ್ 140 ಅಂದರೆ ಮೆಷಿನ್ ಹೇಳಿದ್ದು. ಬಯಾಪ್ಸಿಯಲ್ಲಿ ಒಬ್ಬ ಮನುಷ್ಯ ಮೈಕ್ರೋಸ್ಕೋಪಿನಲ್ಲಿ ನೋಡಿ, ತಾನು ಓದಿದ್ದು, ಇಷ್ಟು ವರ್ಷ ಕಂಡಿದ್ದು ಎಲ್ಲ ಸೇರಿಸಿ ಹೇಳುವ ಅಭಿಪ್ರಾಯ ಅದು.

ಕೊಲೊನೋಸ್ಕೋಪಿಯಲ್ಲಿ (ಕ್ಯಾಮೆರಾ ಕೊಳವೆ ಹಾಕಿ ದೊಡ್ಡ ಕರುಳು ನೋಡುವುದು) ತೆಗೆದ ಪಾಲಿಪ್ ನಮ್ಮ ಹತ್ತಿರ ಬರುವುದು ಫಾರ್ಮಲಿನ್ ತುಂಬಿದ ಪುಟ್ಟ ಡಬ್ಬಿಯಲ್ಲಿ. ಅದು ಚೆನ್ನಾಗಿ ಗಟ್ಟಿಯಾದ ಮೇಲೆ ಡಾಕ್ಟರು ಅಳತೆ ತೆಗೆದು, ಕೊಯ್ದು, ಪ್ಲಾಸ್ಟಿಕ್ ಕ್ಯಾಸೆಟ್ಟಿಗೆ ಹಾಕುತ್ತಾರೆ. ಆಮೇಲೆ ನೀರಿನಂಶ ತೆಗೆದು ಮೇಣ ತುಂಬಿಸುತ್ತೇವೆ. ಆ ಮೇಣದ ಬಿಲ್ಲೆಯೇ ಬ್ಲಾಕು. ಬ್ಲಾಕನ್ನು ಮೈಕ್ರೋಟೋಮ್ ಅನ್ನುವ ಕೊಯ್ಯುವ ಯಂತ್ರಕ್ಕೆ ಸಿಕ್ಕಿಸಿ ಹಿಡಿ ತಿರುಗಿಸಿದರೆ ಈರುಳ್ಳಿಯ ಒಳಸಿಪ್ಪೆಗಿಂತ ತೆಳ್ಳಗೆ, ಸುಮಾರು 4 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲಿ 4 ಪಾಲು) ದಪ್ಪದ ಪದರಗಳು ಒಂದಕ್ಕೊಂದು ಅಂಟಿಕೊಂಡು ರಿಬ್ಬನ್ ಥರ ಇಳಿದು ಬರುತ್ತವೆ. ಆ ರಿಬ್ಬನ್ನನ್ನು ಬೆಚ್ಚಗಿನ ನೀರಿನ ಮೇಲೆ ತೇಲಿಬಿಡುತ್ತೇವೆ. ಸುಕ್ಕು ಬಿಚ್ಚಿಕೊಳ್ಳುತ್ತದೆ. ಗಾಜಿನ ಸ್ಲೈಡನ್ನು ನೀರಿನೊಳಗೆ ಓರೆಯಾಗಿ ಇಳಿಸಿ ಒಂದು ಪದರವನ್ನು ಮೆಲ್ಲಗೆ ಎತ್ತಿಕೊಳ್ಳುತ್ತೇವೆ. ಆ ಕ್ಷಣದಲ್ಲಿ ಫ್ಯಾನ್ ಗಾಳಿ ಬಂದರೂ ಪದರ ಮಡಚಿಕೊಳ್ಳುತ್ತದೆ. ಒಣಗಿದ ಮೇಲೆ ಬಣ್ಣ ಹಾಕಿದರೆ ಜೀವಕೋಶದ ನ್ಯೂಕ್ಲಿಯಸ್ ನೀಲಿ, ಮಿಕ್ಕಿದ್ದು ಗುಲಾಬಿ.

ಇಲ್ಲೊಂದು ಸಣ್ಣ ಲೆಕ್ಕ ಇದೆ. 1 ಸೆಂಟಿಮೀಟರ್ ಪಾಲಿಪನ್ನು 4 ಮೈಕ್ರಾನ್‌ನಂತೆ ಪೂರ್ತಿ ಕೊಯ್ದರೆ 2500 ಪದರ ಆಗುತ್ತವೆ. ಡಾಕ್ಟರು ನೋಡುವುದು ಅದರಲ್ಲಿ ಬೆರಳೆಣಿಕೆಯಷ್ಟು. ಬ್ಲಾಕಿನಲ್ಲಿ ಇನ್ನೂ ಸ್ವಲ್ಪ ಒಳಗೆ ಹೋಗಿ ಕೊಯ್ದರೆ ಬೇರೆಯದೇ ಚಿತ್ರ ಕಾಣಿಸಬಹುದು. ಇದಕ್ಕೆ ಲ್ಯಾಬಿನಲ್ಲಿ "ಡೀಪರ್ ಲೆವೆಲ್ಸ್" ಅನ್ನುತ್ತಾರೆ. ಈ ಎರಡು ಪದ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಪಾಲಿಪ್ ಮೇಣದಲ್ಲಿ ಹೇಗೆ ಕೂತಿದೆ ಅನ್ನುವುದೂ ಮುಖ್ಯ. ಸರಿಯಾಗಿ ನಿಲ್ಲಿಸಿ ಕೊಯ್ದರೆ ಕರುಳಿನ ಗ್ರಂಥಿಗಳು ಮೇಲಿನಿಂದ ಬುಡದ ತನಕ ಸಾಲಾಗಿ ಕಾಣುತ್ತವೆ. ಅಡ್ಡ ಮಲಗಿಸಿ ಕೊಯ್ದರೆ ಬರೀ ಗುಂಡು ಗುಂಡು ಉಂಗುರಗಳು, ಬುಡವೇ ಕಾಣುವುದಿಲ್ಲ. ಬುಡ ಕಾಣದಿದ್ದರೆ ಎಂಥ ಅನುಭವಿ ಡಾಕ್ಟರಿಗೂ ಕೆಲವು ಪಾಲಿಪ್ ಯಾವ ಜಾತಿ ಅಂತ ಹೇಳಲಾಗದು. ಅಂದರೆ ಇಬ್ಬರು ಡಾಕ್ಟರ ಮಾತು ಸೇರದೆ ಇರುವುದಕ್ಕೆ ಎಷ್ಟೋ ಸಲ ನಮ್ಮಂಥ ಟೆಕ್ನಿಷಿಯನ್‌ಗಳ ಕೈಯೂ ಕಾರಣ. ಇದನ್ನು ನಾನು ಪ್ರಾಮಾಣಿಕವಾಗಿ ಹೇಳಲೇಬೇಕು.

ಮಾತು ಎಲ್ಲಿ ಸೇರುತ್ತದೆ, ಎಲ್ಲಿ ಸೇರುವುದಿಲ್ಲ

ಅಡಿಕೆ ಮಂಡಿಗೆ ಹೋದವರಿಗೆ ಇದು ಬೇಗ ಅರ್ಥ ಆಗುತ್ತದೆ. ಕೊಳೆತ ಅಡಿಕೆಯನ್ನು ಯಾರಿಗೆ ತೋರಿಸಿದರೂ ಕೊಳೆತದ್ದು ಅನ್ನುತ್ತಾರೆ. ಅದೇ ಒಂದು ಹಿಡಿ ಕೆಂಪಡಿಕೆ ಕೊಟ್ಟು ಇದು ರಾಶಿಯೋ ಬೆಟ್ಟೆಯೋ ಹೇಳಿ ಅಂದರೆ, ನಡುವೆ ಇರುವ ಕೆಲವು ಕಾಯಿಗೆ ಇಬ್ಬರು ಪಳಗಿದವರೇ ಬೇರೆ ಬೇರೆ ಹೇಳುತ್ತಾರೆ. ಇಬ್ಬರಿಗೂ ಕಸುಬು ಗೊತ್ತಿದೆ. ಕಾಯಿಯೇ ಗಡಿಯಲ್ಲಿದೆ, ಅಷ್ಟೆ.

ಪೆಥಾಲಜಿಯಲ್ಲಿ ಈ ಹೊಂದಾಣಿಕೆಯನ್ನು ಅಳೆಯುವುದಕ್ಕೆ ಕಪ್ಪಾ ಅನ್ನುವ ಅಂಕಿ ಬಳಸುತ್ತಾರೆ. ಕೋಹೆನ್ ಅನ್ನುವವರು 1960ರಲ್ಲಿ ಕೊಟ್ಟ ಲೆಕ್ಕ. ನೂರಕ್ಕೆ ಎಷ್ಟು ಸಲ ಮಾತು ಸೇರಿತು ಅಂತ ಸುಮ್ನೆ ಎಣಿಸಿದರೆ ಸಾಲದಾ? ಸಾಲದು. ಇಬ್ಬರು ಡಾಕ್ಟರಿಗೂ ನೂರಕ್ಕೆ 90 ಸಲ "ಅಡಿನೋಮ" ಅನ್ನುವ ಅಭ್ಯಾಸ ಇದೆ ಅಂದುಕೊಳ್ಳಿ. ಅವರು ಕಣ್ಣು ಮುಚ್ಚಿಕೊಂಡು ಹೇಳಿದರೂ 82 ಸಲ ಮಾತು ತಾನಾಗಿಯೇ ಸೇರಿಬಿಡುತ್ತದೆ. ಆ ಅದೃಷ್ಟದ ಪಾಲನ್ನು ಕಳೆದು ಮಿಕ್ಕಿದ್ದನ್ನು ಕಪ್ಪಾ ತೋರಿಸುತ್ತದೆ. 1 ಬಂದರೆ ಪೂರ್ತಿ ಒಮ್ಮತ, 0 ಬಂದರೆ ಬರೀ ಅದೃಷ್ಟ. 1977ರಿಂದ ಬಳಕೆಯಲ್ಲಿರುವ ಒಂದು ಪಟ್ಟಿಯ ಪ್ರಕಾರ 0.4ರಿಂದ 0.6ರ ತನಕ ಸಾಧಾರಣ, 0.6ರ ಮೇಲೆ ಚೆನ್ನಾಗಿದೆ, 0.8ರ ಮೇಲೆ ಹೆಚ್ಚುಕಡಿಮೆ ಪೂರ್ತಿ.

ದೊಡ್ಡ ಕರುಳಿನ ವಿಷಯಕ್ಕೆ ಬಂದರೆ, ಗಡ್ಡೆಯಿಂದ ತೆಗೆದ ಚೂರಿನಲ್ಲಿ ಕಣ್ಣಿಗೆ ಹೊಡೆಯುವಂಥ ಅಡಿನೋಕಾರ್ಸಿನೋಮ ಇದ್ದರೆ ಪೆಥಾಲಜಿಸ್ಟ್‌ಗಳ ಮಾತು ಬಹಳ ಚೆನ್ನಾಗಿ ಸೇರುತ್ತದೆ. ಕೊಲೊನೋಸ್ಕೋಪಿಯಲ್ಲಿ ದಾರಿ ಕಟ್ಟಿಕೊಂಡ ಗಡ್ಡೆ ಕಂಡಿದೆ, ಸಿಟಿ ಸ್ಕ್ಯಾನಿನಲ್ಲೂ ಇದೆ, ಬಯಾಪ್ಸಿಯಲ್ಲೂ ಕ್ಯಾನ್ಸರ್ ಅಂತ ಬಂದಿದೆ ಅಂದರೆ ದಯವಿಟ್ಟು ಆ ರಿಪೋರ್ಟು ಸುಳ್ಳಿರಬಹುದು ಅಂತ ಊರೂರು ಸುತ್ತುತ್ತಾ ಎರಡು ಮೂರು ತಿಂಗಳು ಕಳೆಯಬೇಡಿ. ಹಾಗೆ ಕಳೆದವರನ್ನು ನಾನು ನೋಡಿದ್ದೇನೆ. ಅವರ ಎರಡನೇ ಸ್ಯಾಂಪಲ್ ನಮ್ಮ ಟೇಬಲಿಗೆ ಬಂದಾಗ ಹೊಟ್ಟೆ ಕಿವುಚಿದ ಹಾಗಾಗುತ್ತದೆ.

ಇದು ಅಡಿನೋಮವೋ ಅಲ್ಲವೋ ಅನ್ನುವುದರಲ್ಲೂ ಹೊಂದಾಣಿಕೆ ಚೆನ್ನಾಗಿಯೇ ಇದೆ. ತಕರಾರು ಶುರುವಾಗುವುದು ಅದರ ಮುಂದಿನ ಪದಗಳಲ್ಲಿ. ಆ ಪದಗಳನ್ನು ಒಂದೊಂದಾಗಿ ನೋಡೋಣ, ರಿಪೋರ್ಟು ಪಕ್ಕದಲ್ಲಿ ಇಟ್ಟುಕೊಳ್ಳಿ.

ಟ್ಯೂಬುಲರ್, ಟ್ಯೂಬುಲೋವಿಲ್ಲಸ್, ವಿಲ್ಲಸ್

ಅಡಿನೋಮದ ಗ್ರಂಥಿಗಳು ಕೊಳವೆಯ ಹಾಗಿದ್ದರೆ ಟ್ಯೂಬುಲರ್, ಬೆರಳಿನ ಹಾಗೆ ಉದ್ದುದ್ದ ಎದ್ದಿದ್ದರೆ ವಿಲ್ಲಸ್. ಬೆರಳಿನ ಭಾಗ ನೂರಕ್ಕೆ 25ರ ಒಳಗಿದ್ದರೆ ಟ್ಯೂಬುಲರ್, 75ರ ಮೇಲಿದ್ದರೆ ವಿಲ್ಲಸ್, ನಡುವೆ ಇದ್ದರೆ ಟ್ಯೂಬುಲೋವಿಲ್ಲಸ್. ಕೇಳುವುದಕ್ಕೆ ಸಲೀಸು. ಆದರೆ ಇದು ಕಣ್ಣಳತೆ. 20 ಯಾವುದು 30 ಯಾವುದು ಅಂತ ಯಾರೂ ಪಟ್ಟಿ ಹಿಡಿದು ಅಳೆಯುವುದಿಲ್ಲ. ಹಾಗಾಗಿ ಇಲ್ಲಿ ಮಾತು ಸೇರುವುದು ಸಾಧಾರಣ ಮಟ್ಟದಲ್ಲಿ.

ಯುರೋಪಿನ ಎಂಡೋಸ್ಕೋಪಿ ಸಂಘ 2020ರಲ್ಲಿ ಬರೆದ ಮಾರ್ಗಸೂಚಿಯಲ್ಲಿ ಮುಂದಿನ ಕೊಲೊನೋಸ್ಕೋಪಿ ಯಾವಾಗ ಅಂತ ತೀರ್ಮಾನಿಸುವಾಗ ವಿಲ್ಲಸ್ ಅನ್ನುವ ಪದವನ್ನು ಲೆಕ್ಕಕ್ಕೇ ಇಟ್ಟಿಲ್ಲ. ಅಡಿನೋಮ 10 ಮಿಲಿಮೀಟರ್ ಅಥವಾ ಜಾಸ್ತಿ ಇದೆಯಾ, ಹೈ ಗ್ರೇಡ್ (ಕೋಶಗಳು ತೀರಾ ಕೆಟ್ಟಿರುವುದು) ಇದೆಯಾ, 5 ಅಥವಾ ಹೆಚ್ಚು ಇವೆಯಾ ಅಂತ ನೋಡಿ, ಇದ್ದರೆ 3 ವರ್ಷಕ್ಕೆ ಮತ್ತೆ ಬನ್ನಿ ಅನ್ನುತ್ತದೆ. ಅಮೆರಿಕದವರು ಅದೇ ವರ್ಷ ಬರೆದದ್ದರಲ್ಲಿ ವಿಲ್ಲಸ್ ಉಳಿದುಕೊಂಡಿದೆ. ಅವರ ಪ್ರಕಾರ 10 ಮಿಲಿಮೀಟರ್‌ಗಿಂತ ಸಣ್ಣ ಟ್ಯೂಬುಲರ್ ಅಡಿನೋಮ ಒಂದೋ ಎರಡೋ ಇದ್ದರೆ 7ರಿಂದ 10 ವರ್ಷ, ಅದೇ ವಿಲ್ಲಸ್ ಭಾಗ ಇದ್ದರೆ 3 ವರ್ಷ. ನೋಡಿ, ಒಂದು ಕಣ್ಣಳತೆಯ ಪದದ ಮೇಲೆ ಎಷ್ಟು ವರ್ಷಗಳ ವ್ಯತ್ಯಾಸ!

ಏನು ಮಾಡಬೇಕು? ಈ ಪದ ನೋಡಿ ಹೆದರಬೇಡಿ. ಕೊಲೊನೋಸ್ಕೋಪಿ ರಿಪೋರ್ಟಿನಲ್ಲಿ ಪಾಲಿಪಿನ ಅಳತೆ ಎಷ್ಟು ಬರೆದಿದ್ದಾರೆ ನೋಡಿ, ಪೂರ್ತಿ ತೆಗೆದಿದ್ದಾರಾ ಕೇಳಿ. ಇದಕ್ಕಾಗಿ ಸೆಕೆಂಡ್ ಒಪಿನಿಯನ್‌ಗೆ ದುಡ್ಡು ಖರ್ಚು ಮಾಡುವ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ.

ಲೋ ಗ್ರೇಡ್, ಹೈ ಗ್ರೇಡ್, ಇಂಟ್ರಾಮ್ಯೂಕೋಸಲ್ ಕಾರ್ಸಿನೋಮ

ಅಡಿನೋಮದ ಕೋಶಗಳು ಎಷ್ಟು ಕೆಟ್ಟಿವೆ ಅಂತ ಹೇಳುವುದಕ್ಕೆ ಹಿಂದೆ ಅಲ್ಪ, ಮಧ್ಯಮ, ತೀವ್ರ ಅಂತ ಮೂರು ದರ್ಜೆ ಇತ್ತು. ಮೂರು ಇದ್ದಾಗ ಮಧ್ಯದ ದರ್ಜೆಯಲ್ಲಿ ಸಿಕ್ಕಾಪಟ್ಟೆ ಗೊಂದಲ. ಈಗ ಲೋ ಮತ್ತು ಹೈ ಎರಡೇ. ಗಡಿ ಒಂದೇ ಆಗಿದ್ದರಿಂದ ಹೊಂದಾಣಿಕೆ ಸುಧಾರಿಸಿತು, ಆದರೂ ಆ ಗಡಿಯಲ್ಲಿ ಜಗಳ ಇದ್ದೇ ಇದೆ.

ದೊಡ್ಡ ಜಗಳ ನಡೆದದ್ದು ಜಪಾನಿನ ಮತ್ತು ಪಶ್ಚಿಮ ದೇಶಗಳ ಪೆಥಾಲಜಿಸ್ಟ್‌ಗಳ ನಡುವೆ. ನ್ಯೂಕ್ಲಿಯಸ್ ತೀರಾ ಕೆಟ್ಟು, ಗ್ರಂಥಿಗಳ ಆಕಾರ ತೀರಾ ಹಾಳಾಗಿದ್ದರೆ ಜಪಾನಿನವರು ಅದನ್ನು ಕಾರ್ಸಿನೋಮ ಅಂತಲೇ ಕರೆಯುತ್ತಿದ್ದರು. ಪಶ್ಚಿಮದವರು ಹೇಗೇ ಇರಲಿ, ಗಡಿ ದಾಟಿ ಒಳಗೆ ನುಗ್ಗಿದ್ದು ಕಾಣುವ ತನಕ, ಕೋಶ ಕೆಟ್ಟಿದೆ ಆದರೆ ಇನ್ನೂ ಕ್ಯಾನ್ಸರ್ ಅಲ್ಲ ಅನ್ನುವ ಅರ್ಥದಲ್ಲಿ, ಡಿಸ್‌ಪ್ಲಾಸಿಯಾ ಅನ್ನುತ್ತಿದ್ದರು. ಒಂದೇ ಸ್ಲೈಡು, ಟೋಕಿಯೋದಲ್ಲಿ ಕ್ಯಾನ್ಸರ್, ಲಂಡನ್ನಿನಲ್ಲಿ ಕ್ಯಾನ್ಸರಿನ ಹಿಂದಿನ ಹಂತ! 1998ರಲ್ಲಿ 12 ದೇಶಗಳ 31 ಪೆಥಾಲಜಿಸ್ಟ್‌ಗಳು ಹೊಟ್ಟೆ, ಅನ್ನನಾಳ, ದೊಡ್ಡ ಕರುಳಿನ ಒಂದೇ ಸ್ಲೈಡುಗಳನ್ನು ನೋಡಿ, ವಿಯೆನ್ನಾದಲ್ಲಿ ಕೂತು ಚರ್ಚೆ ಮಾಡಿದರು. ಕಣ್ಣಿಗೆ ಕಂಡದ್ದರಲ್ಲಿ ಇದ್ದ ವ್ಯತ್ಯಾಸಕ್ಕಿಂತ ಹೆಸರಿಡುವುದರಲ್ಲಿ ಇದ್ದ ವ್ಯತ್ಯಾಸವೇ ಜಾಸ್ತಿ. ಹೈ ಗ್ರೇಡ್ ಅಡಿನೋಮ, ಕಾರ್ಸಿನೋಮ ಇನ್ ಸಿಟು ಎಲ್ಲವನ್ನೂ ಒಂದೇ ಗುಂಪಿಗೆ ಸೇರಿಸಿ, ಒಳಗೆ ಇಳಿದ ಕ್ಯಾನ್ಸರನ್ನು ಬೇರೆ ಗುಂಪಿಗೆ ಹಾಕಿದ ಮೇಲೆ ಮಾತು ಎಷ್ಟೋ ಸೇರಿತು. 2000ದಲ್ಲಿ ಅದು ವಿಯೆನ್ನಾ ವರ್ಗೀಕರಣ ಅಂತ ಪ್ರಕಟವಾಯಿತು.

ಇದು ನಿಮಗೆ ಯಾಕೆ ಬೇಕು ಅಂದರೆ, ಈಗಲೂ ಕೆಲವು ರಿಪೋರ್ಟಿನಲ್ಲಿ "ಇಂಟ್ರಾಮ್ಯೂಕೋಸಲ್ ಕಾರ್ಸಿನೋಮ" ಅಥವಾ "ಕಾರ್ಸಿನೋಮ ಇನ್ ಸಿಟು" ಅಂತ ಬರುತ್ತದೆ. ಕಾರ್ಸಿನೋಮ ಅನ್ನುವ ಪದ ಕಂಡ ಕೂಡಲೇ ಮನೆಯಲ್ಲಿ ಅಳು ಶುರು. ದೊಡ್ಡ ಕರುಳಿನಲ್ಲಿ ರೋಗ ಮೇಲಿನ ಪದರವಾದ ಮ್ಯೂಕೋಸಾದಲ್ಲೇ ನಿಂತಿದ್ದರೆ ಅದು ಲಿಂಫ್ ಗಂಟಿಗೆ ಹರಡುವ ಸಾಧ್ಯತೆ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಪೂರ್ತಿ ತೆಗೆದಿದ್ದರೆ ಅಲ್ಲಿಗೆ ಚಿಕಿತ್ಸೆ ಮುಗಿದ ಹಾಗೆ, ಮುಂದೆ ಸಮಯಕ್ಕೆ ಸರಿಯಾಗಿ ಕೊಲೊನೋಸ್ಕೋಪಿ ಮಾಡಿಸಿಕೊಳ್ಳುವುದು. ಆದ್ದರಿಂದ ಡಾಕ್ಟರ ಮುಂದೆ ಕೂತಾಗ ಈ ಒಂದು ಪ್ರಶ್ನೆ ಕೇಳಿ: "ಸಬ್‌ಮ್ಯೂಕೋಸಾಕ್ಕೆ ಇಳಿದಿದೆಯಾ, ಇಲ್ವಾ?" ಕರುಳಿನ ಎರಡನೇ ಪದರ ಅದು. ಈ ಪ್ರಶ್ನೆಗೆ ಬರುವ ಉತ್ತರದ ಮೇಲೆ ಉಳಿದದ್ದೆಲ್ಲ ನಿಂತಿದೆ.

ಹೈಪರ್‌ಪ್ಲಾಸ್ಟಿಕ್ ಮತ್ತು ಸೆಸೈಲ್ ಸೆರೇಟೆಡ್

ನನ್ನ ಪ್ರಕಾರ ಅತಿ ಹೆಚ್ಚು ಎಡವುವುದು ಇಲ್ಲಿ. ಎರಡೂ ಗರಗಸದ ಹಲ್ಲಿನ ಹಾಗೆ ಕಾಣುವ ಪಾಲಿಪ್‌ಗಳು. ಹೈಪರ್‌ಪ್ಲಾಸ್ಟಿಕ್ ಅಂದರೆ ಹೆಚ್ಚಾಗಿ ಏನೂ ತೊಂದರೆ ಇಲ್ಲದ ಪುಟ್ಟ ಗುಳ್ಳೆ, ಗುದದ್ವಾರದ ಹತ್ತಿರದ ಭಾಗದಲ್ಲಿ ಜಾಸ್ತಿ. ಸೆಸೈಲ್ ಸೆರೇಟೆಡ್ ಲೀಷನ್ ಚಪ್ಪಟೆ, ಬಲಗಡೆ ಕರುಳಿನಲ್ಲಿ ಜಾಸ್ತಿ, ಮೇಲೆ ಲೋಳೆ ಮೆತ್ತಿಕೊಂಡಿರುತ್ತದೆ, ಮತ್ತು ಅದು ಮುಂದೆ ಕ್ಯಾನ್ಸರ್ ಆಗಬಲ್ಲದು.

ವ್ಯತ್ಯಾಸ ಇರುವುದು ಗ್ರಂಥಿಯ ಬುಡದಲ್ಲಿ. ಹೈಪರ್‌ಪ್ಲಾಸ್ಟಿಕ್ ಆದರೆ ಬುಡ ಟೆಸ್ಟ್ ಟ್ಯೂಬಿನ ಹಾಗೆ ಕಿರಿದು. ಸೆರೇಟೆಡ್ ಲೀಷನ್ ಆದರೆ ಬುಡ ಅಗಲವಾಗಿ ಬೂಟಿನ ಹಾಗೆ ಪಕ್ಕಕ್ಕೆ ತಿರುಗಿರುತ್ತದೆ. ಮೊದಲು ಇಂಥ ಎರಡು ಮೂರು ಗ್ರಂಥಿ ಕಾಣಬೇಕು ಅನ್ನುತ್ತಿದ್ದರು. 2019ರ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣ ಖಚಿತವಾಗಿ ಒಂದು ಕಂಡರೂ ಸಾಕು ಅಂದಿತು. ಹೆಸರನ್ನೂ ಬದಲಾಯಿಸಿತು. ಅಂದರೆ ಹತ್ತು ವರ್ಷದ ಹಿಂದೆ ಹೈಪರ್‌ಪ್ಲಾಸ್ಟಿಕ್ ಅನ್ನಿಸಿಕೊಂಡ ಕೆಲವು ಪಾಲಿಪ್ ಈಗ ನೋಡಿದರೆ ಸೆರೇಟೆಡ್ ಲೀಷನ್ ಆಗುತ್ತವೆ. ಇನ್ನು ನಾನು ಆಗ ಹೇಳಿದೆನಲ್ಲ, ಚಪ್ಪಟೆ ಪಾಲಿಪ್ ಮೇಣದಲ್ಲಿ ಅಡ್ಡ ಮಲಗಿದರೆ ಬುಡವೇ ಕಾಣುವುದಿಲ್ಲ. ಎಲ್ಲ ಸೇರಿ ಇಲ್ಲಿ ಹೊಂದಾಣಿಕೆ ಅಷ್ಟಕ್ಕಷ್ಟೆ.

ನಿಮ್ಮ ರಿಪೋರ್ಟಿನಲ್ಲಿ "ಹೈಪರ್‌ಪ್ಲಾಸ್ಟಿಕ್" ಅಂತಿದ್ದು, ಪಾಲಿಪ್ ಬಲಗಡೆ ಕರುಳಿನದ್ದಾಗಿ, 10 ಮಿಲಿಮೀಟರ್ ಅಥವಾ ಅದಕ್ಕಿಂತ ದೊಡ್ಡದಿದ್ದರೆ, ಡಾಕ್ಟರನ್ನು ಕೇಳಿ: "ಇದು ಸೆರೇಟೆಡ್ ಲೀಷನ್ ಅಲ್ಲ ಅಂತ ಖಾತ್ರಿ ಇದೆಯಾ? ಡೀಪರ್ ಲೆವೆಲ್ಸ್ ನೋಡಬಹುದಾ?" ಬ್ಲಾಕು ಲ್ಯಾಬಿನಲ್ಲೇ ಇರುತ್ತದೆ. ಮತ್ತೆ ಕೊಯ್ದು ನೋಡುವುದು ನಮಗೆ ಒಂದು ದಿನದ ಕೆಲಸ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಚಿಕ್ಕಪ್ಪನ ಸಮಸ್ಯೆ: ನುಗ್ಗಿದ್ದೋ, ತಳ್ಳಿಸಿಕೊಂಡಿದ್ದೋ

ಸಿಗ್ಮಾಯ್ಡ್ ಭಾಗದ ಕರುಳು ಕಿರಿದು, ಮಲ ಗಟ್ಟಿ, ಒತ್ತಡ ಜಾಸ್ತಿ. ಅಲ್ಲಿ ತೊಟ್ಟಿನ ಮೇಲೆ ನೇತಾಡುವ ದೊಡ್ಡ ಪಾಲಿಪ್ ತಿರುಚಿಕೊಳ್ಳುತ್ತದೆ, ಎಳೆದಾಡುತ್ತದೆ, ಒಳಗೇ ರಕ್ತ ಸೋರುತ್ತದೆ. ಆ ಜಗ್ಗಾಟದಲ್ಲಿ ಅಡಿನೋಮದ ಕೆಲವು ಗ್ರಂಥಿಗಳು ಕೆಳಗಿನ ಪದರಕ್ಕೆ ತಳ್ಳಿಸಿಕೊಂಡು ಹೋಗಿ ಕೂರುತ್ತವೆ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಅರೆರೆ, ಇರಬಾರದ ಜಾಗದಲ್ಲಿ ಗ್ರಂಥಿ ಇದೆಯಲ್ಲ, ಕ್ಯಾನ್ಸರ್ ಇಳಿದಿದೆ ಅನ್ನಿಸುತ್ತದೆ. ಇದಕ್ಕೆ ಸ್ಯೂಡೋಇನ್ವೇಷನ್ ಅನ್ನುತ್ತಾರೆ.

ತಳ್ಳಿಸಿಕೊಂಡು ಹೋದ ಗ್ರಂಥಿಯ ಸುತ್ತ ಅದರ ಮನೆಯ ಮೃದು ಅಂಗಾಂಶವೂ ಜೊತೆಗೇ ಬಂದಿರುತ್ತದೆ, ಅಂಚು ನುಣ್ಣಗೆ ದುಂಡಗಿರುತ್ತದೆ, ಅಕ್ಕಪಕ್ಕ ಹಳೆ ರಕ್ತದ ಕಬ್ಬಿಣದ ಕಂದು ಕಲೆ ಕಾಣುತ್ತದೆ. ನಿಜವಾಗಿ ನುಗ್ಗಿದ ಕ್ಯಾನ್ಸರ್ ಆದರೆ ಗ್ರಂಥಿಗಳು ಮೊನಚು ಮೊನಚಾಗಿ ಚೂರಾಗಿರುತ್ತವೆ, ಸುತ್ತ ಗಟ್ಟಿ ನಾರು ಕಟ್ಟಿರುತ್ತದೆ. ಪುಸ್ತಕದಲ್ಲಿ ಸುಲಭ, ಸ್ಲೈಡಿನಲ್ಲಿ ಎಷ್ಟೋ ಸಲ ಎರಡರ ಗುಣವೂ ಬೆರೆತಿರುತ್ತದೆ. ಇಂಗ್ಲೆಂಡಿನಲ್ಲಿ ಸರ್ಕಾರದ ಕರುಳಿನ ಕ್ಯಾನ್ಸರ್ ತಪಾಸಣೆ ಶುರುವಾದ ಮೇಲೆ ಇಂಥ ಪಾಲಿಪ್ ರಾಶಿ ರಾಶಿ ಬಂದು, ಕೊನೆಗೆ ಇದಕ್ಕಂತಲೇ ಮೂವರು ತಜ್ಞರ ಒಂದು ಮಂಡಳಿ ಮಾಡಿದರು. ಕಷ್ಟದ ಸ್ಲೈಡು ದೇಶದ ಎಲ್ಲೆಡೆಯಿಂದ ಅವರಿಗೆ ಹೋಗುತ್ತದೆ. ಒಂದು ದೇಶವೇ ಹೀಗೆ ವ್ಯವಸ್ಥೆ ಮಾಡಿಕೊಂಡಿದೆ ಅಂದರೆ, ನಾವು ಎರಡನೇ ಸಲ ತೋರಿಸಿ ಅಂತ ಕೇಳುವುದರಲ್ಲಿ ಸಂಕೋಚ ಯಾಕೆ?

ಚಿಕ್ಕಪ್ಪನ ಬ್ಲಾಕು ಸಿಗುವುದಕ್ಕೆ 4 ದಿನ ಓಡಾಡಬೇಕಾಯಿತು. ಆಸ್ಪತ್ರೆಯ ಕೌಂಟರಿನಲ್ಲಿ "ರಿಪೋರ್ಟ್ ಕೊಟ್ಟಿದೀವಲ್ಲ, ಸ್ಲೈಡು ಯಾಕೆ" ಅಂದರು, ಆಮೇಲೆ ಲ್ಯಾಬ್ ಹೊರಗಿನದು ಅಂದರು, ಆಮೇಲೆ ಡಾಕ್ಟರು ರಜೆ ಅಂದರು. ನನ್ನ ತಮ್ಮ ಲಿಖಿತ ಅರ್ಜಿ ಕೊಟ್ಟು ರಸೀದಿ ಕೇಳಿದ ಮೇಲೆ ಸಿಕ್ಕಿತು. ಆಪರೇಷನ್ ಮುಂದಕ್ಕೆ ಹೋಯಿತು. ಕರುಳಿನದ್ದನ್ನೇ ಹೆಚ್ಚಾಗಿ ನೋಡುವ ಪೆಥಾಲಜಿಸ್ಟ್ ಒಬ್ಬರು ಡೀಪರ್ ಲೆವೆಲ್ಸ್ ತರಿಸಿ, ಕಬ್ಬಿಣ ತೋರಿಸುವ ಬಣ್ಣ ಹಾಕಿಸಿ ನೋಡಿದರು. ಸ್ಯೂಡೋಇನ್ವೇಷನ್, ಲೋ ಗ್ರೇಡ್ ಅಡಿನೋಮ, ಪೂರ್ತಿ ತೆಗೆದಿದೆ ಅಂತ ಬರೆದರು. ಮೊದಲನೇ ಡಾಕ್ಟರು ಕೆಟ್ಟವರು ಅಂತ ನಾನು ಹೇಳುವುದಿಲ್ಲ. ಅವರು "ಸಂಶಯ" ಅಂತ ಪ್ರಾಮಾಣಿಕವಾಗಿಯೇ ಬರೆದಿದ್ದರು. ಸಂಶಯ ಅಂತ ಬರೆದಿದ್ದನ್ನು ಖಚಿತ ಅಂತ ಓದಿಕೊಂಡದ್ದು ಆಮೇಲಿನವರು.

ಇನ್ನೊಂದು ಕಡೆಯನ್ನೂ ಹೇಳಬೇಕು. ರಿವ್ಯೂ ಯಾವಾಗಲೂ ಒಳ್ಳೆ ಸುದ್ದಿಯನ್ನೇ ತರುವುದಿಲ್ಲ. ಬರೀ ಅಡಿನೋಮ ಅಂತ ಬಂದದ್ದು ಎರಡನೇ ಸಲ ನೋಡಿದಾಗ ಸಣ್ಣ ಕ್ಯಾನ್ಸರ್ ಆಗಿದ್ದೂ ಇದೆ. ಮನಸ್ಸಿಗೆ ಬೇಕಾದ ಉತ್ತರ ಸಿಗುವ ತನಕ ಸ್ಲೈಡು ಹಿಡಿದುಕೊಂಡು ಅಲೆಯುವುದಾದರೆ ಅದಕ್ಕೆ ಅರ್ಥ ಇಲ್ಲ.

ಪಾಲಿಪಿನೊಳಗೆ ನಿಜವಾಗಿಯೂ ಕ್ಯಾನ್ಸರ್ ಇದ್ದರೆ

ಆಗಲೂ ಎಲ್ಲರಿಗೂ ಕರುಳು ಕೊಯ್ಯಬೇಕು ಅಂತಿಲ್ಲ. ಕೊಯ್ದ ಅಂಚಿನಿಂದ ಕ್ಯಾನ್ಸರ್ ಎಷ್ಟು ದೂರ ಇದೆ (1 ಮಿಲಿಮೀಟರ್ ಒಳಗಿದ್ದರೆ ಚಿಂತೆ), ರಕ್ತನಾಳ ಅಥವಾ ಲಿಂಫ್ ನಾಳದೊಳಗೆ ಹೊಕ್ಕಿದೆಯಾ, ಪೂರ್‌ಲಿ ಡಿಫರೆನ್ಷಿಯೇಟೆಡ್ (ಕೋಶಗಳು ಮೂಲ ರೂಪ ಕಳೆದುಕೊಂಡಿವೆ) ಅಂತ ಇದೆಯಾ, ಟ್ಯೂಮರ್ ಬಡ್ಡಿಂಗ್ ಎಷ್ಟು ಅನ್ನುವುದರ ಮೇಲೆ ಹೋಗುತ್ತದೆ. ಬಡ್ಡಿಂಗ್ ಅಂದರೆ ಗಡ್ಡೆಯ ಅಂಚಿನಿಂದ ಒಂಟಿಯಾಗಿಯೋ, ನಾಲ್ಕರ ತನಕ ಗುಂಪಾಗಿಯೋ ಕಿತ್ತುಕೊಂಡು ಹೊರಟ ಕ್ಯಾನ್ಸರ್ ಕೋಶಗಳು. ಇದನ್ನು ಒಬ್ಬೊಬ್ಬರು ಒಂದೊಂದು ಥರ ಎಣಿಸುತ್ತಿದ್ದರು. 2016ರಲ್ಲಿ ಅಂತರರಾಷ್ಟ್ರೀಯ ಸಭೆ ಸೇರಿ, ಅತಿ ಹೆಚ್ಚು ಕಾಣುವ ಜಾಗದಲ್ಲಿ 0.785 ಚದರ ಮಿಲಿಮೀಟರ್ ಒಳಗೆ ಎಣಿಸಿ, 4ರ ತನಕ ಕಡಿಮೆ, 5ರಿಂದ 9 ಮಧ್ಯಮ, 10 ಅಥವಾ ಮೇಲೆ ಜಾಸ್ತಿ ಅಂತ ಗೊತ್ತು ಮಾಡಿದರು. ನಿಮ್ಮ ರಿಪೋರ್ಟಿನಲ್ಲಿ ಈ ನಾಲ್ಕರಲ್ಲಿ ಯಾವುದಾದರೂ ಬಿಟ್ಟುಹೋಗಿದ್ದರೆ ಬರೆಸಿಕೊಳ್ಳಿ. ಆಪರೇಷನ್ ಬೇಕೋ ಬೇಡವೋ ಅನ್ನುವುದು ಇವುಗಳ ಮೇಲೇ ನಿಂತಿರುವಾಗ, ಇಬ್ಬರು ಪೆಥಾಲಜಿಸ್ಟ್ ನೋಡಿರಲೇಬೇಕು ಅಂತ ನಾನು ಹಟ ಹಿಡಿಯುತ್ತೇನೆ.

ಕರುಳು ತೆಗೆದಾದ ಮೇಲಿನ ರಿಪೋರ್ಟಿನಲ್ಲಿ ಲಿಂಫ್ ಗಂಟು ಎಷ್ಟು ಸಿಕ್ಕಿವೆ ನೋಡಿ. ಕಡಿಮೆ ಅಂದರೂ 12 ಇರಬೇಕು. ಎಂಎಂಆರ್ ಪರೀಕ್ಷೆ (ಕೋಶದ ಡಿಎನ್ಎ ತಪ್ಪು ತಿದ್ದುವ ಪ್ರೋಟೀನ್‌ಗಳನ್ನು ನೋಡುವುದು) ಆಗಿದೆಯಾ ಕೇಳಿ, ಮನೆತನದಲ್ಲಿ ಹರಿದು ಬಂದು ಕ್ಯಾನ್ಸರಿನ ಸಾಧ್ಯತೆ ಹೆಚ್ಚಿಸುವ ಲಿಂಚ್ ಸಿಂಡ್ರೋಮ್ ಇರಬಹುದಾ ಅಂತ ಅದರಿಂದ ಸುಳಿವು ಸಿಗುತ್ತದೆ.

ಇನ್ನೆರಡು ಸಂದರ್ಭ ಚುಟುಕಾಗಿ ಹೇಳಿಬಿಡುತ್ತೇನೆ. ಅಲ್ಸರೇಟಿವ್ ಕೊಲೈಟಿಸ್ (ದೊಡ್ಡ ಕರುಳಿನ ದೀರ್ಘಕಾಲದ ಉರಿಯೂತ) ಇರುವವರಿಗೆ ಡಿಸ್‌ಪ್ಲಾಸಿಯಾ ಅಂತ ಬಂದರೆ, ಉರಿಯೂತದಿಂದಲೂ ಕೋಶಗಳು ಹಾಗೇ ಕೆಟ್ಟು ಕಾಣುವುದರಿಂದ, ಕರುಳಿನ ಪರಿಣತಿ ಇರುವ ಎರಡನೇ ಪೆಥಾಲಜಿಸ್ಟ್ ಒಪ್ಪುವ ತನಕ ದೊಡ್ಡ ತೀರ್ಮಾನ ಬೇಡ. ಮಾರ್ಗಸೂಚಿಗಳೇ ಹಾಗೆ ಹೇಳುತ್ತವೆ. ಮತ್ತೆ ನಮ್ಮ ದೇಶದಲ್ಲಿ ಸಣ್ಣ ಕರುಳು ದೊಡ್ಡ ಕರುಳು ಕೂಡುವ ಜಾಗದ ಗಡ್ಡೆ ಟಿಬಿಯದ್ದೂ ಇರಬಹುದು. ಸ್ಕ್ಯಾನಿನಲ್ಲಿ ಕ್ಯಾನ್ಸರ್ ಥರವೇ ಕಾಣುತ್ತದೆ. ಬಯಾಪ್ಸಿಯಲ್ಲಿ ಕ್ಯಾನ್ಸರ್ ಸಿಗಲಿಲ್ಲ ಅಂದರೆ ಟಿಬಿ ನೋಡಿದ್ದೀರಾ ಅಂತ ಕೇಳಿ.

ಸ್ಲೈಡು ಮತ್ತೆ ತೋರಿಸುವುದು ಹೇಗೆ

ಮೊದಲು ನಿಮ್ಮ ಡಾಕ್ಟರಿಗೇ ಹೇಳಿ. "ನಿಮ್ಮ ಮೇಲೆ ನಂಬಿಕೆ ಇಲ್ಲ ಅಂತಲ್ಲ ಸರ್, ಆಪರೇಷನ್‌ಗೆ ಮೊದಲು ಒಂದು ಸಲ ಸ್ಲೈಡ್ ರಿವ್ಯೂ ಮಾಡಿಸೋಣ ಅಂತ" ಅಂದರೆ ಒಳ್ಳೆಯ ಡಾಕ್ಟರು ಬೇಡ ಅನ್ನುವುದಿಲ್ಲ. ಎಷ್ಟು ದಿನ ತಡವಾದರೆ ಪರವಾಗಿಲ್ಲ ಅನ್ನುವುದನ್ನೂ ಅಲ್ಲೇ ಕೇಳಿಕೊಳ್ಳಿ. ರಕ್ತ ಹೋಗುತ್ತಿದೆ, ದಾರಿ ಕಟ್ಟಿಕೊಂಡಿದೆ ಅಂತಿದ್ದರೆ ಕಾಯುವ ಹಾಗಿಲ್ಲ.

ಆಮೇಲೆ ಲ್ಯಾಬಿಗೆ ಅರ್ಜಿ ಬರೆಯಿರಿ. ರೋಗಿಯ ಹೆಸರು, ಬಯಾಪ್ಸಿ ನಂಬರು, ತಾರೀಕು, "ಸ್ಲೈಡು ಮತ್ತು ಬ್ಲಾಕು ಎರಡೂ ಬೇಕು" ಅಂತ ಸ್ಪಷ್ಟವಾಗಿ ಹಾಕಿ. ಬರೀ ಸ್ಲೈಡು ತೆಗೆದುಕೊಂಡು ಹೋದರೆ ಡೀಪರ್ ಲೆವೆಲ್ಸ್ ಕೊಯ್ಯಲಾಗದು, ಬೇರೆ ಬಣ್ಣ ಹಾಕಲಾಗದು, ಮತ್ತೆ ಓಡಾಟ. ಸಹಿ ಮಾಡಿಸಿಕೊಂಡು ಕೊಡುವುದು ಎಲ್ಲ ಕಡೆ ಪದ್ಧತಿ. ಪಾಲಿಪಿಗೆ ಒಂದಕ್ಕಿಂತ ಹೆಚ್ಚು ಬ್ಲಾಕ್ ಇದ್ದರೆ ಎಲ್ಲದರ ನಂಬರು ರಿಪೋರ್ಟಿನ ಜೊತೆ ತಾಳೆ ನೋಡಿ. ಬ್ಲಾಕಿನ ಮೇಲಿನ ನಂಬರು ಬೇರೆ, ರಿಪೋರ್ಟಿನ ನಂಬರು ಬೇರೆ ಆಗಿದ್ದರೆ ಅಲ್ಲಿಂದ ಕದಲಬೇಡಿ. ರಿಪೋರ್ಟಿನಂಥ ದಾಖಲೆ ಕೊಡುವುದಕ್ಕೆ ಸತಾಯಿಸಿದರೆ ನೆನಪಿರಲಿ, ಕೇಳಿದ 72 ಗಂಟೆಯೊಳಗೆ ವೈದ್ಯಕೀಯ ದಾಖಲೆ ಕೊಡಬೇಕು ಅಂತ ವೈದ್ಯಕೀಯ ಮಂಡಳಿಯ 2002ರ ನಿಯಮ ಹೇಳುತ್ತದೆ.

ಸ್ಲೈಡು ಗಾಜು. ಲ್ಯಾಬಿನಲ್ಲಿ ಕೊಡುವ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲೇ ಒಯ್ಯಿರಿ, ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡು ಬಸ್ ಹತ್ತಬೇಡಿ. ಬ್ಲಾಕು ಮೇಣದ್ದು, ಬೇಸಿಗೆಯಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಬಿಟ್ಟರೆ ಮೆತ್ತಗಾಗುತ್ತದೆ. ಫ್ರಿಜ್ಜಿನಲ್ಲಿಡುವುದು ಬೇಡ, ನೆರಳಲ್ಲಿದ್ದರೆ ಸಾಕು.

ಯಾರಿಗೆ ತೋರಿಸುವುದು? ಕ್ಯಾನ್ಸರ್ ದೊಡ್ಡ ಪ್ರಮಾಣದಲ್ಲಿ ನೋಡುವ ಜಾಗಗಳು. ಬೆಂಗಳೂರಿನ ಕಿದ್ವಾಯಿ, ವೆಲ್ಲೂರಿನ ಸಿಎಂಸಿ, ಮುಂಬೈನ ಟಾಟಾ ಮೆಮೋರಿಯಲ್ ನಮ್ಮ ಜನ ಹೋಗುವ ಜಾಗಗಳೇ. ನಿಮ್ಮ ಹತ್ತಿರದ ಮೆಡಿಕಲ್ ಕಾಲೇಜಿನಲ್ಲೂ ಕರುಳಿನ ವಿಷಯದಲ್ಲಿ ಪಳಗಿದವರು ಇರಬಹುದು, ಗ್ಯಾಸ್ಟ್ರೋ ಡಾಕ್ಟರನ್ನು ಕೇಳಿದರೆ ಹೇಳುತ್ತಾರೆ. ಹೋಗುವಾಗ ಕೊಲೊನೋಸ್ಕೋಪಿ ರಿಪೋರ್ಟು ಫೋಟೋ ಸಮೇತ, ಸ್ಕ್ಯಾನ್, ಮೊದಲನೇ ಬಯಾಪ್ಸಿ ರಿಪೋರ್ಟು ಮೂರೂ ಕೊಡಿ. ಪರೀಕ್ಷೆ ಮಾಡುವ ಹಾಗೆ ಮೊದಲಿನ ರಿಪೋರ್ಟನ್ನು ಬಚ್ಚಿಟ್ಟುಕೊಳ್ಳುವವರಿದ್ದಾರೆ. ಹಾಗೆ ಮಾಡಬೇಡಿ. ಪಾಲಿಪ್ ಎಲ್ಲಿತ್ತು, ಎಷ್ಟಿತ್ತು, ಒಂದೇ ತುಂಡಾಗಿ ಬಂತಾ ಚೂರು ಚೂರಾಗಿ ಬಂತಾ ಅನ್ನುವುದು ಗೊತ್ತಿಲ್ಲದೆ ಸ್ಲೈಡು ನೋಡುವವರು ಅರ್ಧ ಕತ್ತಲೆಯಲ್ಲಿ ನೋಡುತ್ತಾರೆ.

ಎರಡು ರಿಪೋರ್ಟು ಬೇರೆ ಬೇರೆ ಬಂದರೆ ನಿಮಗೆ ಇಷ್ಟವಾದದ್ದನ್ನು ಆರಿಸಿಕೊಳ್ಳಬೇಡಿ. ಇಬ್ಬರು ಪೆಥಾಲಜಿಸ್ಟ್‌ಗಳೂ ಫೋನಿನಲ್ಲಿ ಮಾತಾಡಲಿ ಅಂತ ಕೇಳಿ. ಎಷ್ಟೋ ಸಲ ವ್ಯತ್ಯಾಸ ಪದದಲ್ಲಿ ಮಾತ್ರ ಇರುತ್ತದೆ, ಹತ್ತು ನಿಮಿಷದಲ್ಲಿ ಬಗೆಹರಿಯುತ್ತದೆ. ಬಗೆಹರಿಯದಿದ್ದರೆ ಟ್ಯೂಮರ್ ಬೋರ್ಡ್ ಇರುವ ಆಸ್ಪತ್ರೆಯಲ್ಲಿ ಇಡಿಸಿ, ಅಲ್ಲಿ ಸರ್ಜನ್, ಗ್ಯಾಸ್ಟ್ರೋ, ಪೆಥಾಲಜಿಸ್ಟ್ ಎಲ್ಲ ಒಟ್ಟಿಗೆ ಕೂತು ನೋಡುತ್ತಾರೆ.

ರಿವ್ಯೂ ಮುಗಿದ ಮೇಲೆ ಬ್ಲಾಕನ್ನು ಮೊದಲಿನ ಲ್ಯಾಬಿಗೆ ವಾಪಸ್ ಕೊಟ್ಟು ರಸೀದಿ ತೆಗೆದುಕೊಳ್ಳಿ. ಮನೆಯ ಬೀರುವಿನಲ್ಲಿಟ್ಟು ಮರೆತರೆ ಮುಂದೆ ಬೇಕಾದಾಗ ಸಿಗುವುದಿಲ್ಲ. ಚಿಕ್ಕಪ್ಪನ ಫೈಲಿನ ಮೇಲೆ ಚಿಕ್ಕಮ್ಮ ದಪ್ಪ ಪೆನ್ನಿನಲ್ಲಿ ಬಯಾಪ್ಸಿ ನಂಬರು, ಬ್ಲಾಕು ಯಾವ ಲ್ಯಾಬಿನಲ್ಲಿದೆ, ಮುಂದಿನ ಕೊಲೊನೋಸ್ಕೋಪಿ 3 ವರ್ಷಕ್ಕೆ ಅಂತ ತಿಂಗಳು ಸಮೇತ ಬರೆದಿಟ್ಟಿದ್ದಾರೆ. ನೀವೂ ಇವತ್ತೇ ಬರೆದಿಟ್ಟುಕೊಳ್ಳಿ.